ದುಡಿಮೆ ಮುಂಬಯಿಯಲ್ಲಿ, ರೇಷನ್ ಕಾರ್ಡು ಊರಿನಲ್ಲಿ: ಆಸ್ಪತ್ರೆಯ ಬಿಲ್ಲಿಗೆ ಯಾವ ವಿಮೆ?

ಮುಂಬಯಿ: ಮಹಾನಗರದ ಕನ್ನಡ ಪತ್ರಿಕೆಗಳಲ್ಲಿ ಸನ್ಮಾನ, ಯಕ್ಷಗಾನ, ಅರಸಿನ ಕುಂಕುಮ, ವಾರ್ಷಿಕ ಮಹಾಸಭೆಗಳ ವರದಿಗಳ ನಡುವೆ ಒಂದು ಸಣ್ಣ ಚೌಕಟ್ಟು ಆಗಾಗ ಕಾಣಸಿಗುತ್ತದೆ. 'ಚಿಕಿತ್ಸೆಗೆ ನೆರವು ಕೋರಿ ಮನವಿ' ಎಂಬ ತಲೆಬರಹ, ಪಕ್ಕದಲ್ಲಿ ಒಂದು ಭಾವಚಿತ್ರ, ಕೆಳಗೆ ಬ್ಯಾಂಕ್ ಖಾತೆಯ ಸಂಖ್ಯೆ. ಹೊಟೇಲು ಕಾರ್ಮಿಕರು, ಕ್ಯಾಂಟೀನಿನಲ್ಲಿ ದುಡಿದವರು, ಸಣ್ಣ ಖಾಸಗಿ ಕಂಪೆನಿಯಲ್ಲಿದ್ದು ಕೆಲಸ ಕಳೆದುಕೊಂಡವರ ಮನೆಗಳಿಂದ ಇಂಥ ಮನವಿ ಬರುತ್ತದೆ. ದಾನಿಗಳು ಸ್ಪಂದಿಸುತ್ತಾರೆ, ಜಾತೀಯ ಸಂಘ ಸಂಸ್ಥೆಗಳೂ ಕೈಲಾದಷ್ಟು ನೀಡುತ್ತವೆ. ಆದರೆ ಡಯಾಲಿಸಿಸ್, ಹೃದಯದ ಶಸ್ತ್ರಚಿಕಿತ್ಸೆ, ಕ್ಯಾನ್ಸರ್ ಎಂದಾಗ ಬಿಲ್ಲು ಲಕ್ಷಗಳ ಲೆಕ್ಕದಲ್ಲಿರುತ್ತದೆ, ನೆರವು ಸಾವಿರಗಳ ಲೆಕ್ಕದಲ್ಲಿ.

ಇಂಥ ಕುಟುಂಬಗಳಲ್ಲಿ ಕೆಲವಕ್ಕೆ ಯಾವುದಾದರೊಂದು ವಿಮೆಯ ಹಕ್ಕು ಇದ್ದೂ ಅದರ ಅರಿವು ಇರುವುದಿಲ್ಲ. ಇನ್ನು ಕೆಲವರ ಬಳಿ ಕಾರ್ಡು ಇರುತ್ತದೆ, ಅದು ವಿಮೆಯ ಕಾರ್ಡು ಆಗಿರುವುದಿಲ್ಲ. ತುಳು-ಕನ್ನಡಿಗರ ಮನೆಯ ಮಟ್ಟಿಗೆ ಇನ್ನೊಂದು ತೊಡಕೂ ಇದೆ. ಮಗ ಡೊಂಬಿವಲಿಯಲ್ಲಿ, ತಂದೆ-ತಾಯಿ ಕುಂದಾಪುರದ ಹಳ್ಳಿಯಲ್ಲಿ, ರೇಷನ್ ಕಾರ್ಡಿನಲ್ಲಿ ಮಗನ ಹೆಸರು ಇನ್ನೂ ಊರಿನಲ್ಲೇ. ಆಸ್ಪತ್ರೆಯ ಕೌಂಟರಿನಲ್ಲಿ ಈ ವಿಳಾಸದ ಪ್ರಶ್ನೆಯೇ ಮೊದಲು ಏಳುತ್ತದೆ.

ಮೆಡಿಕ್ಲೈಮ್ ಎಂಬ ಒಂದೇ ಹೆಸರು

1986ರಲ್ಲಿ ಸರಕಾರಿ ಸ್ವಾಮ್ಯದ ನಾಲ್ಕು ಸಾಮಾನ್ಯ ವಿಮಾ ಕಂಪೆನಿಗಳು 'ಮೆಡಿಕ್ಲೈಮ್' ಎಂಬ ಪಾಲಿಸಿಯನ್ನು ಜಾರಿಗೆ ತಂದವು. ಅವುಗಳಲ್ಲೊಂದಾದ ನ್ಯೂ ಇಂಡಿಯಾ ಅಶ್ಯೂರೆನ್ಸಿನ ಪ್ರಧಾನ ಕಚೇರಿ ಮುಂಬಯಿಯ ಕೋಟೆ ಪ್ರದೇಶದಲ್ಲೇ ಇದೆ. ಅಂದಿನಿಂದ ಮುಂಬಯಿಗರ ಬಾಯಲ್ಲಿ ಎಲ್ಲ ಆರೋಗ್ಯ ವಿಮೆಗೂ ಮೆಡಿಕ್ಲೈಮ್ ಎಂಬ ಒಂದೇ ಹೆಸರು. ಹೆಸರು ಒಂದಾದರೂ ಒಳಗಿನ ಸರಕು ಬೇರೆ ಬೇರೆ.

ಮುಖ್ಯವಾಗಿ ಎರಡು ಬಗೆ. ಮೊದಲನೆಯದು ಆಸ್ಪತ್ರೆಯಲ್ಲಿ ಖರ್ಚಾದದ್ದನ್ನು ವಿಮಾ ಮೊತ್ತದ ಮಿತಿಯೊಳಗೆ ತುಂಬಿಕೊಡುವ ಪಾಲಿಸಿ. ಎರಡನೆಯದು ಖರ್ಚು ಎಷ್ಟೇ ಆಗಲಿ, ಗೊತ್ತುಪಡಿಸಿದ ಮೊತ್ತವನ್ನು ಕೈಗೆ ಕೊಡುವ ಪಾಲಿಸಿ. 'ಕ್ರಿಟಿಕಲ್ ಇಲ್‌ನೆಸ್' ಎಂಬುದು ಈ ಎರಡನೆಯ ಬಗೆ. ಪಟ್ಟಿಯಲ್ಲಿರುವ ಕ್ಯಾನ್ಸರ್, ಹೃದಯಾಘಾತ, ಮೂತ್ರಪಿಂಡ ವೈಫಲ್ಯದಂಥ ಕಾಯಿಲೆ ಪತ್ತೆಯಾದರೆ ಒಟ್ಟು ಹಣ ಒಮ್ಮೆಗೇ ಬರುತ್ತದೆ. ದಿನಕ್ಕೆ ಇಂತಿಷ್ಟು ರೂಪಾಯಿ ಕೊಡುವ 'ಹಾಸ್ಪಿಟಲ್ ಕ್ಯಾಶ್' ಕೂಡ ಇದೇ ಜಾತಿಯದು. ದುಡಿಯುವವನು ಮಲಗಿದಾಗ ಮನೆ ಬಾಡಿಗೆ, ಮಕ್ಕಳ ಫೀಸಿಗೆ ಇವು ಉಪಯುಕ್ತ. ಆದರೆ ಆಸ್ಪತ್ರೆಯ ಬಿಲ್ಲಿಗೆ ಇವನ್ನೇ ನಂಬಿ ಕುಳಿತರೆ ಸಾಲದು. 'ಎಲ್‌ಐಸಿ ಮಾಡಿದ್ದೇನಲ್ಲ' ಎಂದು ನಿಶ್ಚಿಂತೆಯಿಂದ ಇರುವವರೂ ನಮ್ಮವರಲ್ಲಿ ಬಹಳ ಮಂದಿ. ಸಾಮಾನ್ಯ ಜೀವವಿಮೆ ಪಾಲಿಸಿ ಆಸ್ಪತ್ರೆಯ ಬಿಲ್ಲು ಕಟ್ಟುವುದಿಲ್ಲ.

ಖರ್ಚು ತುಂಬಿಕೊಡುವ ಪಾಲಿಸಿಯಲ್ಲೂ ಒಬ್ಬೊಬ್ಬರಿಗೆ ಪ್ರತ್ಯೇಕ ಮೊತ್ತದ್ದು ಒಂದು, ಇಡೀ ಕುಟುಂಬ ಒಂದೇ ಮೊತ್ತವನ್ನು ಹಂಚಿಕೊಳ್ಳುವ 'ಫ್ಯಾಮಿಲಿ ಫ್ಲೋಟರ್' ಇನ್ನೊಂದು. ಗಂಡ, ಹೆಂಡತಿ, ಎರಡು ಮಕ್ಕಳಿರುವ ಯುವ ಕುಟುಂಬಕ್ಕೆ ಫ್ಲೋಟರ್ ಅಗ್ಗವಾಗುತ್ತದೆ. ಅದೇ ಪಾಲಿಸಿಗೆ 68 ವರ್ಷದ ತಂದೆಯವರನ್ನು ಸೇರಿಸಿದರೆ ಲೆಕ್ಕ ತಲೆಕೆಳಗಾಗುತ್ತದೆ. ಫ್ಲೋಟರಿನ ಪ್ರೀಮಿಯಂ ಸಾಮಾನ್ಯವಾಗಿ ಅತಿ ಹಿರಿಯ ಸದಸ್ಯರ ವಯಸ್ಸನ್ನು ಹಿಡಿದು ನಿಗದಿಯಾಗುತ್ತದೆ. ಅವರೊಬ್ಬರ ಚಿಕಿತ್ಸೆಗೆ ಮೊತ್ತ ಮುಗಿದರೆ ಆ ವರ್ಷ ಉಳಿದವರಿಗೆ ರಕ್ಷಣೆ ಇಲ್ಲ. ಹಿರಿಯರಿಗೆ ಬೇರೆಯೇ ಪಾಲಿಸಿ ಇರುವುದು ಲೇಸು.

ಕೋಣೆಯ ಬಾಡಿಗೆಯಲ್ಲಿ ಅಡಗಿದ ಕತ್ತರಿ

ಮೂರು ಲಕ್ಷದ ಪಾಲಿಸಿ ಇದ್ದೂ ಎರಡು ಲಕ್ಷದ ಬಿಲ್ಲಿಗೆ ಕೈಯಿಂದ ಮುಕ್ಕಾಲು ಲಕ್ಷ ಕಟ್ಟಬೇಕಾಯಿತು ಎಂಬ ದೂರು ಉಪನಗರಗಳಲ್ಲಿ ಹೊಸದಲ್ಲ. ಕಂಪೆನಿ ಮೋಸ ಮಾಡಿತೆಂದು ಹಲವರು ಭಾವಿಸುತ್ತಾರೆ. ಎಷ್ಟೋ ಸಲ ಕಾರಣ ಕೋಣೆಯ ಬಾಡಿಗೆ.

ಹಳೆಯ ಮಾದರಿಯ ಅನೇಕ ಪಾಲಿಸಿಗಳಲ್ಲಿ ಕೋಣೆಯ ದಿನಬಾಡಿಗೆ ವಿಮಾ ಮೊತ್ತದ ಶೇ. 1ನ್ನು ಮೀರುವಂತಿಲ್ಲ. ಅಂದರೆ 3 ಲಕ್ಷದ ಪಾಲಿಸಿಗೆ ದಿನಕ್ಕೆ 3,000 ರೂ. ರೋಗಿಯನ್ನು 6,000 ರೂ. ಬಾಡಿಗೆಯ ಕೋಣೆಯಲ್ಲಿ ನಾಲ್ಕು ದಿನ ಇರಿಸಿದರು ಎಂದಿಟ್ಟುಕೊಳ್ಳಿ. ಬಾಡಿಗೆ 24,000, ವೈದ್ಯರ ಶುಲ್ಕ ಮತ್ತು ಆಪರೇಶನ್ ಥಿಯೇಟರಿನದು 1,20,000, ಔಷಧಿ ಇತ್ಯಾದಿಗೆ 50,000. ಒಟ್ಟು 1,94,000 ರೂ. ಮಿತಿಯ ಇಮ್ಮಡಿ ಬಾಡಿಗೆಯ ಕೋಣೆ ಪಡೆದದ್ದರಿಂದ ಬಾಡಿಗೆ ಅರ್ಧಕ್ಕೆ ಇಳಿಯುತ್ತದೆ. ಅಷ್ಟಕ್ಕೇ ನಿಲ್ಲದೆ ವೈದ್ಯರ ಶುಲ್ಕ, ಥಿಯೇಟರಿನ ಖರ್ಚೂ ಅದೇ ಪ್ರಮಾಣದಲ್ಲಿ ಅರ್ಧವಾಗುತ್ತದೆ. ದೊಡ್ಡ ಕೋಣೆಯ ರೋಗಿಗೆ ಆಸ್ಪತ್ರೆಗಳು ಅದೇ ಶಸ್ತ್ರಚಿಕಿತ್ಸೆಗೂ ಹೆಚ್ಚು ದರ ಹಾಕುವುದೇ ಇದಕ್ಕೆ ಕಾರಣ. ಔಷಧಿಯ ಬಿಲ್ಲಿಗೆ ಈ ಕಡಿತ ಅನ್ವಯಿಸದು. ಕೊನೆಗೆ ಕಂಪೆನಿಯಿಂದ ಬರುವುದು 12,000, 60,000 ಮತ್ತು 50,000 ಸೇರಿ 1,22,000. ಉಳಿದ 72,000 ರೂ. ಮನೆಯವರ ತಲೆಗೆ. 3,000ದ ಹಂಚಿಕೆ ಕೋಣೆಗೆ ಒಪ್ಪಿದ್ದರೆ ಈ ಕತ್ತರಿ ಬೀಳುತ್ತಿರಲಿಲ್ಲ. 'ಅಪ್ಪಯ್ಯನಿಗೆ ಒಳ್ಳೆಯ ರೂಮು ಕೊಡಿ' ಎಂದು ರಾತ್ರಿ ಹನ್ನೊಂದಕ್ಕೆ ಹೇಳುವ ಮಗನಿಗೆ ಇದನ್ನು ಬಿಡಿಸಿ ಹೇಳುವವರು ಕೌಂಟರಿನಲ್ಲಿ ಸಿಗುವುದು ಕಡಿಮೆ.

ಕೋಣೆಯ ಮಿತಿ ಇಲ್ಲದ ಪಾಲಿಸಿಗಳೂ ಈಗ ಲಭ್ಯ, ಪ್ರೀಮಿಯಂ ತುಸು ಹೆಚ್ಚು. 2020ರ ಎಪ್ರಿಲಿನಿಂದ ಎಲ್ಲ ಕಂಪೆನಿಗಳೂ ಒಂದೇ ಷರತ್ತಿನಲ್ಲಿ ಮಾರಬೇಕೆಂದು ವಿಮಾ ನಿಯಂತ್ರಣ ಪ್ರಾಧಿಕಾರ ವಿಧಿಸಿದ 'ಆರೋಗ್ಯ ಸಂಜೀವಿನಿ' ಪಾಲಿಸಿಯಲ್ಲಿ ಬಾಡಿಗೆಗೆ ವಿಮಾ ಮೊತ್ತದ ಶೇ. 2ರ, ಗರಿಷ್ಠ 5,000 ರೂ.ಗಳ ಮಿತಿ ಗೊತ್ತುಮಾಡಲಾಯಿತು. ಪ್ರತಿ ಕ್ಲೈಮಿನಲ್ಲಿ ಶೇ. 5ರ ಪಾಲು ವಿಮೆದಾರನದೇ. ಮುಂಬಯಿಯ ದೊಡ್ಡ ಆಸ್ಪತ್ರೆಗಳ ಖಾಸಗಿ ಕೋಣೆಗೆ ಇದು ಸಾಲದು. ಊರಿನ ಆಸ್ಪತ್ರೆಗೆ ಧಾರಾಳ ಸಾಕು.

ನೌಕರಿ ಹೋದರೆ ವಿಮೆಯೂ ಹೋಗುತ್ತದೆ

ಕಂಪೆನಿಯ ಕಡೆಯಿಂದ ಸಿಗುವ ಗುಂಪು ವಿಮೆಯ ದೊಡ್ಡ ಲಾಭವೆಂದರೆ ಹಳೆಯ ಕಾಯಿಲೆಗೂ ಸಾಮಾನ್ಯವಾಗಿ ಮೊದಲ ದಿನದಿಂದಲೇ ರಕ್ಷಣೆ. ಹಲವೆಡೆ ತಂದೆ-ತಾಯಿಯೂ ಸೇರುತ್ತಾರೆ. ಆದರೆ ಅದು ನೌಕರಿ ಇರುವವರೆಗೆ ಮಾತ್ರ. 2020ರ ಕೊರೊನಾ ಕಾಲದಲ್ಲಿ ಕೆಲಸ ಕಳೆದುಕೊಂಡವರಿಗೆ ವಿಮೆ ಅತ್ಯಗತ್ಯವಾಗಿದ್ದ ಹೊತ್ತಿನಲ್ಲೇ ಅದೂ ಕೈಬಿಟ್ಟಿತು. 58ಕ್ಕೆ ನಿವೃತ್ತರಾಗಿ, ಶುಗರ್ ಬಿಪಿ ಎರಡನ್ನೂ ಹೊತ್ತು ಆಗ ಹೊಸ ಪಾಲಿಸಿಗೆ ಅರ್ಜಿ ಹಾಕುವುದು ಬಲು ಕಷ್ಟದ ದಾರಿ. ಬಿಡುವ ಮೊದಲೇ ಅದೇ ವಿಮಾ ಕಂಪೆನಿಯ ವೈಯಕ್ತಿಕ ಪಾಲಿಸಿಗೆ ಬದಲಾಯಿಸಿಕೊಳ್ಳಲು ಅವಕಾಶ ಇದೆ. ಕೇಳಿ ಪಡೆಯಬೇಕು.

ಬ್ಯಾಂಕಿನ ಮೂಲಕ ಬರುವ ಗುಂಪು ವಿಮೆ ಕರಾವಳಿಯವರಿಗೆ ಚಿರಪರಿಚಿತ. ಸಿಂಡಿಕೇಟ್ ಬ್ಯಾಂಕಿನ ಖಾತೆದಾರರಿಗಾಗಿ ಇದ್ದ 'ಸಿಂಡ್ ಆರೋಗ್ಯ' ಅಂಥದೊಂದು. ಇವು ಅಗ್ಗ. ಆದರೆ ಒಪ್ಪಂದ ಬ್ಯಾಂಕಿಗೂ ವಿಮಾ ಕಂಪೆನಿಗೂ ನಡುವಿನದು. ವಿಜಯಾ ಬ್ಯಾಂಕು 2019ರ ಎಪ್ರಿಲಿನಲ್ಲಿ ಬ್ಯಾಂಕ್ ಆಫ್ ಬರೋಡಾದಲ್ಲಿ, ಸಿಂಡಿಕೇಟ್ ಬ್ಯಾಂಕು 2020ರ ಎಪ್ರಿಲಿನಲ್ಲಿ ಕೆನರಾ ಬ್ಯಾಂಕಿನಲ್ಲಿ, ಅದೇ ದಿನ ಕಾರ್ಪೊರೇಶನ್ ಬ್ಯಾಂಕು ಯೂನಿಯನ್ ಬ್ಯಾಂಕಿನಲ್ಲಿ ವಿಲೀನಗೊಂಡ ಬಳಿಕ ಪಾಸ್‌ಬುಕ್ಕಿನ ಹೆಸರೇ ಬದಲಾಗಿದೆ. ಹಳೆಯ ಪಾಲಿಸಿ ಕಾಗದವನ್ನು ಕಪಾಟಿನಲ್ಲಿಟ್ಟು ನೆಮ್ಮದಿಯಾಗಿರುವ ಹಿರಿಯರು ಒಮ್ಮೆ ಶಾಖೆಗೆ ಹೋಗಿ, ಈ ವರ್ಷ ಯಾವ ಕಂಪೆನಿ, ಎಷ್ಟು ಮೊತ್ತ, ಎಲ್ಲಿಯವರೆಗೆ ಎಂದು ಬರಹದಲ್ಲಿ ಪಡೆದುಕೊಳ್ಳಬೇಕು.

ಮಾಲಕರ ವಿಮೆ 2-3 ಲಕ್ಷಕ್ಕೆ ಸೀಮಿತವಾಗಿದ್ದರೆ 'ಸೂಪರ್ ಟಾಪ್-ಅಪ್' ಸೇರಿಸಿಕೊಳ್ಳಬಹುದು. ಮೊದಲ 3 ಲಕ್ಷ ದಾಟಿದ ಮೇಲಿನ ಖರ್ಚನ್ನು ಇದು ಭರಿಸುವುದರಿಂದ 10 ಲಕ್ಷದ ರಕ್ಷಣೆಯೂ ಕಡಿಮೆ ಪ್ರೀಮಿಯಮ್ಮಿಗೆ ಸಿಗುತ್ತದೆ. ಬರೀ 'ಟಾಪ್-ಅಪ್' ಆದರೆ ಒಂದೊಂದು ಸಲದ ಆಸ್ಪತ್ರೆ ವಾಸವೂ ಬೇರೆಬೇರೆಯಾಗಿ 3 ಲಕ್ಷ ದಾಟಬೇಕು. ಸೂಪರ್ ಆದರೆ ವರ್ಷದ ಒಟ್ಟು ಖರ್ಚು ದಾಟಿದರೆ ಸಾಕು. ಆ ಒಂದು ಪದವನ್ನು ನೋಡಿ ಸಹಿ ಹಾಕುವುದು ಒಳಿತು.

ಹೊಟೇಲು ಕಾರ್ಮಿಕರ ಇಎಸ್‌ಐ

ನಮ್ಮವರು ಅತಿ ಹೆಚ್ಚು ದುಡಿಯುವ ಕ್ಷೇತ್ರ ಹೊಟೇಲು. ಅಲ್ಲಿ ಅತಿ ಕಡಿಮೆ ಮಾತಿಗೆ ಬರುವ ವಿಮೆ ಇಎಸ್‌ಐ. 1948ರ ಕಾಯಿದೆಯಡಿ ಆರಂಭಗೊಂಡ ಈ ಯೋಜನೆಯಲ್ಲಿ, 2017ರ ಜನವರಿಯಿಂದ ತಿಂಗಳಿಗೆ 21,000 ರೂ. ವರೆಗಿನ ಸಂಬಳದವರನ್ನು ಸೇರಿಸಲಾಯಿತು. 2019ರ ಜುಲೈಯಲ್ಲಿ ಕಾರ್ಮಿಕನ ಪಾಲನ್ನು ಸಂಬಳದ ಶೇ. 0.75ಕ್ಕೂ ಮಾಲಕರ ಪಾಲನ್ನು ಶೇ. 3.25ಕ್ಕೂ ಇಳಿಸಲಾಯಿತು. 16,000 ಸಂಬಳದ ಸಪ್ಲಾಯರ್ ಹುಡುಗನ ಪಾಲು ತಿಂಗಳಿಗೆ 120 ರೂ., ಮಾಲಕರದು 520 ರೂ. ಇದಕ್ಕೆ ಪ್ರತಿಯಾಗಿ ಆತನಿಗೂ ಅವಲಂಬಿತರಿಗೂ ಚಿಕಿತ್ಸೆ. ಕಾಯಿಲೆಯಿಂದ ಮಲಗಿದರೆ, ನಿಗದಿತ ಅವಧಿಯ ವಂತಿಗೆ ಪಾವತಿಯಾಗಿದ್ದಲ್ಲಿ, ವರ್ಷಕ್ಕೆ 91 ದಿನಗಳವರೆಗೆ ಸಂಬಳದ ಶೇ. 70 ನಗದು. ಖಾಸಗಿ ಮೆಡಿಕ್ಲೈಮ್ ಪಾಲಿಸಿಯಲ್ಲಿ ಈ ಸಂಬಳದ ಹಣ ಇರುವುದಿಲ್ಲ.

ಅಂಧೇರಿ, ಕಾಂದಿವಲಿ, ಮುಲುಂಡ್, ವರ್ಲಿ, ಪರೇಲ್‌ಗಳಲ್ಲಿ ಕಾರ್ಮಿಕ ವಿಮಾ ಆಸ್ಪತ್ರೆಗಳಿವೆ. ಮಂಗಳೂರಿನಲ್ಲೂ ಇದೆ. ಕುಟುಂಬ ಊರಿನಲ್ಲಿದ್ದರೆ ಅವರ ಹೆಸರು, ವಿಳಾಸ ನೋಂದಾಯಿಸಿ ಅಲ್ಲಿಯೇ ಸೌಲಭ್ಯ ಪಡೆಯಬಹುದು. ಕನಿಷ್ಠ 5 ವರ್ಷ ವಿಮಾದಾರನಾಗಿದ್ದು ವಯೋನಿವೃತ್ತಿ ಹೊಂದಿದ ಕಾರ್ಮಿಕನಿಗೆ ವರ್ಷಕ್ಕೆ 120 ರೂ. ಕಟ್ಟಿದರೆ ತನಗೂ ಹೆಂಡತಿಗೂ ವೈದ್ಯಕೀಯ ಸೌಲಭ್ಯ ಮುಂದುವರಿಸಿಕೊಳ್ಳಲು ಅವಕಾಶವಿದೆ. ಮೂವತ್ತು ವರ್ಷ ಒಲೆಯ ಮುಂದೆ ನಿಂತು ಬರಿಗೈಯಲ್ಲಿ ಊರಿಗೆ ಮರಳುವ ಭಟ್ಟರು, ಕುಕ್‌ಗಳು ಇದನ್ನು ತಿಳಿದಿದ್ದರೆ ಎಷ್ಟೋ ಮನವಿಗಳು ಅಚ್ಚಾಗುತ್ತಿರಲಿಲ್ಲ. ಆದರೆ ಅದಕ್ಕೆ ಮೊದಲು ಹೆಸರು ಹಾಜರಿ ಪುಸ್ತಕದಲ್ಲಿರಬೇಕು. ಹಲವೆಡೆ ಇರುವುದಿಲ್ಲ. ಕೈಗೆ ಬರುವ ಸಂಬಳ ಕಡಿಮೆಯಾಗುತ್ತದೆಂದು ಕಾರ್ಮಿಕರೇ ಬೇಡವೆನ್ನುವುದೂ ಉಂಟು, ಮಾಲಕರಿಗೆ ಅದು ಅನುಕೂಲವೇ ಆಗುತ್ತದೆ.

ಇಎಸ್‌ಐ ಇಲ್ಲದವರಿಗೆ ಕನಿಷ್ಠ ಅಪಘಾತ ವಿಮೆಯಾದರೂ ಇರಲಿ. 2015ರಲ್ಲಿ ಆರಂಭವಾದ ಪ್ರಧಾನಮಂತ್ರಿ ಸುರಕ್ಷಾ ಬಿಮಾದ ಪ್ರೀಮಿಯಂ 2022ರ ಜೂನ್‌ನಿಂದ ವರ್ಷಕ್ಕೆ 20 ರೂ., ಅಪಘಾತದ ಸಾವಿಗೆ 2 ಲಕ್ಷ. ಇದು ಬಿದ್ದು ಕೈಮುರಿದವನ ಆಸ್ಪತ್ರೆಯ ಬಿಲ್ಲು ಕಟ್ಟುವುದಿಲ್ಲ ಎಂಬುದನ್ನು ಮರೆಯಬಾರದು.

ಇಲ್ಲಿಯ ಯೋಜನೆ, ಅಲ್ಲಿಯ ಯೋಜನೆ

ಮಹಾರಾಷ್ಟ್ರ ಸರಕಾರ 2012ರ ಜುಲೈಯಲ್ಲಿ ಮುಂಬಯಿ ಸಹಿತ ಎಂಟು ಜಿಲ್ಲೆಗಳಲ್ಲಿ ರಾಜೀವ್ ಗಾಂಧಿ ಜೀವನದಾಯಿ ಯೋಜನೆಯನ್ನು ಆರಂಭಿಸಿತು. 2017ರಲ್ಲಿ ಅದಕ್ಕೆ ಮಹಾತ್ಮಾ ಜ್ಯೋತಿರಾವ್ ಫುಲೆಯವರ ಹೆಸರು ಬಂತು. ಮೊದಲು ಹಳದಿ, ಕೇಸರಿ ರೇಷನ್ ಕಾರ್ಡಿನವರಿಗಷ್ಟೇ ಇದ್ದ ಯೋಜನೆಯನ್ನು ಬಿಳಿ ಕಾರ್ಡಿನವರಿಗೂ ವಿಸ್ತರಿಸಿ, ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಏರಿಸುವ ನಿರ್ಧಾರ 2023ರಲ್ಲಿ ಪ್ರಕಟವಾಗಿ 2024ರಲ್ಲಿ ಜಾರಿಗೆ ಬಂತು. ಬಿಳಿ ಕಾರ್ಡು ಅಂಗಡಿಗೆ ಉಪಯೋಗವಿಲ್ಲವೆಂದು ನವೀಕರಿಸದೆ ಬಿಟ್ಟ ಮಧ್ಯಮವರ್ಗದ ಕನ್ನಡಿಗರು ಇದನ್ನು ಗಮನಿಸಬೇಕು. ನೋಂದಾಯಿತ ಆಸ್ಪತ್ರೆಗಳಲ್ಲಿ 'ಆರೋಗ್ಯಮಿತ್ರ'ನ ಮೇಜು ಇರುತ್ತದೆ. ದಾಖಲಾಗುವ ಹೊತ್ತಿಗೇ ಅಲ್ಲಿಗೆ ಹೋಗಬೇಕು, ಹಣ ಕಟ್ಟಿದ ಮೇಲೆ ವಾಪಸ್ ಕೇಳಿ ಪ್ರಯೋಜನವಿಲ್ಲ. ಯೋಜನೆಯ ಪಟ್ಟಿಯಲ್ಲಿರುವ ಚಿಕಿತ್ಸೆಗಳಿಗಷ್ಟೇ ಇದು ಅನ್ವಯ. ಮತ್ತು ಕಾರ್ಡು ಮಹಾರಾಷ್ಟ್ರದ್ದಾಗಿರಬೇಕು. ಇಪ್ಪತ್ತು ವರ್ಷ ನಲಸೋಪಾರದಲ್ಲಿದ್ದು ಹೆಸರನ್ನು ಊರಿನ ಕಾರ್ಡಿನಲ್ಲೇ ಇಟ್ಟವನು ಇಲ್ಲಿ ಹೊರಗುಳಿಯುತ್ತಾನೆ.

ಹಾಗಾದರೆ ಊರಿನ ಕಾರ್ಡು ಏನು ಕೊಡುತ್ತದೆ? ಕರ್ನಾಟಕದ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ರಕ್ಷಣೆ ಇದೆ. ಎಪಿಎಲ್ ಕಾರ್ಡಿನವರಿಗೆ ನಿಗದಿತ ದರದ ಶೇ. 30, ವರ್ಷಕ್ಕೆ 1.5 ಲಕ್ಷದೊಳಗೆ. ಮುಂಬಯಿಯಿಂದ ಫೋನಿನಲ್ಲೇ ಎಲ್ಲ ನಿರ್ಧರಿಸುವ ಮಕ್ಕಳು ಎಡವುವುದು ಇಲ್ಲಿಯೇ. ತುರ್ತು ಪ್ರಕರಣಗಳನ್ನು ಬಿಟ್ಟರೆ ಮೊದಲು ಸರಕಾರಿ ಆಸ್ಪತ್ರೆಗೆ ತೋರಿಸಿ, ಅಲ್ಲಿಂದ ಶಿಫಾರಸು ಪತ್ರ ಪಡೆದ ಮೇಲಷ್ಟೇ ಖಾಸಗಿ ಆಸ್ಪತ್ರೆಯಲ್ಲಿ ಯೋಜನೆ ಅನ್ವಯವಾಗುತ್ತದೆ. 'ಅಮ್ಮನನ್ನು ನೇರ ದೊಡ್ಡ ಆಸ್ಪತ್ರೆಗೇ ಸೇರಿಸಿ' ಎಂಬ ಮಾತಿನಿಂದ ಹಕ್ಕು ತಪ್ಪಿಹೋಗಬಹುದು.

ಸಹಕಾರಿ ಸಂಘದ ಸದಸ್ಯರಾದ ಕೃಷಿಕರಿಗೆ 2003ರಿಂದ ಇದ್ದ, ನಡುವೆ ನಿಂತುಹೋಗಿ 2022ರಲ್ಲಿ ಮರುಜೀವ ಪಡೆದ 'ಯಶಸ್ವಿನಿ' ಯೋಜನೆಯೂ ಇದೆ. ಹೆಸರು ನೋಂದಾಯಿಸಲು ವರ್ಷದಲ್ಲಿ ಗೊತ್ತುಪಡಿಸಿದ ಅವಧಿ ಮಾತ್ರ. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಸ್ವಸಹಾಯ ಸಂಘದಲ್ಲಿರುವ ತಾಯಂದಿರು 'ಸಂಪೂರ್ಣ ಸುರಕ್ಷಾ'ದ ಬಗ್ಗೆ ಸೇವಾಪ್ರತಿನಿಧಿಯಲ್ಲಿ ಕೇಳಿ ತಿಳಿಯಬಹುದು. ಇನ್ನು ಮಣಿಪಾಲ ಆರೋಗ್ಯ ಕಾರ್ಡು. ಅದು ಒಳ್ಳೆಯದೇ, ಬಿಲ್ಲಿನಲ್ಲಿ ರಿಯಾಯಿತಿ ಸಿಗುತ್ತದೆ. ಆದರೆ ಅದು ರಿಯಾಯಿತಿ ಕಾರ್ಡು, ವಿಮೆ ಅಲ್ಲ. ರಿಯಾಯಿತಿ ಹೋಗಿ ಉಳಿದದ್ದನ್ನು ಕೈಯಿಂದಲೇ ಕಟ್ಟಬೇಕು. 'ಅಪ್ಪನಿಗೆ ಕಾರ್ಡು ಮಾಡಿಸಿದ್ದೇವೆ' ಎನ್ನುವ ಮಕ್ಕಳು ಈ ವ್ಯತ್ಯಾಸ ತಿಳಿದಿರಬೇಕು.

70 ದಾಟಿದ ಹಿರಿಯರಿಗೆ ಆದಾಯದ ಮಿತಿಯಿಲ್ಲದೆ 5 ಲಕ್ಷದ ಆಯುಷ್ಮಾನ್ ರಕ್ಷಣೆಯನ್ನು ಕೇಂದ್ರ ಸರಕಾರ 2024ರ ಅಕ್ಟೋಬರ್ 29ರಂದು ಆರಂಭಿಸಿತು. ಖಾಸಗಿ ವಿಮೆ ಅಥವಾ ಇಎಸ್‌ಐ ಇದ್ದವರೂ ಪಡೆಯಬಹುದು. ಜಾರಿಯ ಕ್ರಮ ರಾಜ್ಯದಿಂದ ರಾಜ್ಯಕ್ಕೆ ಬೇರೆಯಾದ್ದರಿಂದ, ಹಿರಿಯರ ಆಧಾರ್ ವಿಳಾಸ ಇಲ್ಲಿಯದೋ ಊರಿನದೋ ಎಂದು ನೋಡಿ ವಿಚಾರಿಸಬೇಕು. ವಿಜಯಪುರ, ಕಲಬುರಗಿ ಕಡೆಯಿಂದ ಬಂದು ನಾಕಾಗಳಲ್ಲಿ ಕೂಲಿಗೆ ನಿಲ್ಲುವ ಕಟ್ಟಡ ಕಾರ್ಮಿಕರ ಕುಟುಂಬ ಕೇಂದ್ರದ ಪಟ್ಟಿಯಲ್ಲಿದ್ದರೆ, ಆಯುಷ್ಮಾನ್ ಕಾರ್ಡು ಬೇರೆ ರಾಜ್ಯದ ನೋಂದಾಯಿತ ಆಸ್ಪತ್ರೆಯಲ್ಲೂ ನಡೆಯುತ್ತದೆ. ಆ ಮಂದಿಗೆ ಇದನ್ನು ತಲುಪಿಸುವ ಕೆಲಸವನ್ನು ನಗರದ ಕನ್ನಡ ಸಂಘಗಳು ಮಾಡಬಹುದು. ಶಾಲು, ಸ್ಮರಣಿಕೆ, ಫಲಪುಷ್ಪಗಳ ಕಾರ್ಯಕ್ರಮದಲ್ಲಿ ಅರ್ಧ ಗಂಟೆ ತೆಗೆದು ಒಂದು ಕಾರ್ಡು ನೋಂದಣಿಯ ಮೇಜು ಇಟ್ಟರೂ ಸಾಕು.

ಸಹಿಗೆ ಮುನ್ನ, ನಿರಾಕರಣೆಯ ಬಳಿಕ

ಖಾಸಗಿ ಪಾಲಿಸಿ ಕೊಳ್ಳುವವರು ಶುಗರ್, ಬಿಪಿ, ಹಳೆಯ ಆಪರೇಶನ್ ಯಾವುದನ್ನೂ ಮುಚ್ಚಿಡಬಾರದು. ಪರಿಚಯದ ಏಜೆಂಟರು 'ಬರೆಯುವುದು ಬೇಡ, ಪ್ರೀಮಿಯಂ ಜಾಸ್ತಿಯಾಗುತ್ತದೆ' ಎಂದರೆ ಕೇಳಕೂಡದು. ಹೇಳಿಕೊಂಡ ಹಳೆಯ ಕಾಯಿಲೆಗೆ ಕಾಯಬೇಕಾದ ಗರಿಷ್ಠ ಅವಧಿಯನ್ನು 2024ರಲ್ಲಿ 4 ವರ್ಷದಿಂದ 3 ವರ್ಷಕ್ಕೆ ಇಳಿಸಲಾಯಿತು. ಐದು ವರ್ಷ ಸತತವಾಗಿ ನವೀಕರಿಸಿದ ಪಾಲಿಸಿಯಲ್ಲಿ, ವಂಚನೆ ಸಾಬೀತಾಗದ ಹೊರತು, 'ಮಾಹಿತಿ ಮುಚ್ಚಿಟ್ಟಿರಿ' ಎಂದು ಕ್ಲೈಮ್ ತಳ್ಳಿಹಾಕುವಂತಿಲ್ಲ. 65ರ ಬಳಿಕ ಹೊಸ ಪಾಲಿಸಿ ಇಲ್ಲವೆಂಬ ತಡೆಯೂ ಅದೇ ವರ್ಷ ತೆರವಾಯಿತು. ಹಿರಿಯ ನಾಗರಿಕರ ಪ್ರೀಮಿಯಂ ವರ್ಷಕ್ಕೆ ಶೇ. 10ಕ್ಕಿಂತ ಹೆಚ್ಚು ಏರಿಸಬೇಕಾದರೆ ಪ್ರಾಧಿಕಾರದೊಂದಿಗೆ ಸಮಾಲೋಚಿಸಬೇಕೆಂಬ ಆದೇಶ 2025ರ ಜನವರಿಯಲ್ಲಿ ಬಂತು. ವೈಯಕ್ತಿಕ ಮತ್ತು ಫ್ಲೋಟರ್ ಪಾಲಿಸಿಗಳ ಮೇಲಿದ್ದ ಶೇ. 18ರ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ರದ್ದಾಗಿದೆ.

'ಕ್ಯಾಶ್‌ಲೆಸ್' ಎಂಬುದೂ ಕಲ್ಲಿನಲ್ಲಿ ಕೊರೆದದ್ದಲ್ಲ. 2010ರ ಜುಲೈ 1ರಿಂದ ಸರಕಾರಿ ವಿಮಾ ಕಂಪೆನಿಗಳು ಮುಂಬಯಿಯೂ ಸೇರಿ ನಾಲ್ಕು ಮಹಾನಗರಗಳ ಅನೇಕ ದೊಡ್ಡ ಆಸ್ಪತ್ರೆಗಳಲ್ಲಿ ಈ ಸೌಲಭ್ಯವನ್ನು ಏಕಾಏಕಿ ಹಿಂತೆಗೆದುಕೊಂಡಾಗ ರೋಗಿಗಳ ಮನೆಯವರು ಹಣಕ್ಕಾಗಿ ಓಡಾಡಬೇಕಾಗಿ ಬಂತು. ವಿವಾದ ದರದ್ದು, ಪಾಡು ಪಾಲಿಸಿದಾರರದು. ಇಂದಿನ ನಿಯಮದಂತೆ ದಾಖಲಾಗುವಾಗ ಒಂದು ಗಂಟೆಯೊಳಗೆ, ಬಿಡುಗಡೆಯಾಗುವಾಗ ಮೂರು ಗಂಟೆಯೊಳಗೆ ವಿಮಾ ಕಂಪೆನಿ ಉತ್ತರಿಸಬೇಕು. ಆದರೂ ನೋಂದಾಯಿತ ಆಸ್ಪತ್ರೆಗಳ ಪಟ್ಟಿಯನ್ನು ಪ್ರತಿವರ್ಷ ನೋಡಿಕೊಳ್ಳುವುದು ವಾಸಿ.

ಕ್ಲೈಮ್ ನಿರಾಕರಿಸಿದರೆ ಮೊದಲು ಕಂಪೆನಿಗೇ ಲಿಖಿತ ದೂರು. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಉತ್ತರ ಸಮಾಧಾನ ತರದಿದ್ದರೆ ವಿಮಾ ಓಂಬುಡ್ಸ್‌ಮನ್. ಮುಂಬಯಿಯ ಕಚೇರಿ ಸಾಂತಾಕ್ರೂಜ್ ಪಶ್ಚಿಮದ ಎಸ್. ವಿ. ರಸ್ತೆಯ ಜೀವನ್ ಸೇವಾ ಅನೆಕ್ಸ್ ಕಟ್ಟಡದಲ್ಲಿದೆ. ಶುಲ್ಕವಿಲ್ಲ, ವಕೀಲರೂ ಬೇಡ. ಕಂಪೆನಿಯ ನಿರಾಕರಣೆಯ ಪತ್ರ ಬಂದ ಒಂದು ವರ್ಷದೊಳಗೆ ಹೋಗಬೇಕು.

ಮೇ ರಜೆಗೋ ಚೌತಿಗೋ ಊರಿಗೆ ಹೊರಡುವವರಿಗೆ ಈ ಸಲ ಒಂದು ಕೆಲಸ ಇದೆ. ತಂದೆ-ತಾಯಿಯ ಆಧಾರ್, ರೇಷನ್ ಕಾರ್ಡು, ಪಾಸ್‌ಬುಕ್ಕುಗಳಲ್ಲಿ ಹೆಸರು ಒಂದೇ ರೀತಿ ಇದೆಯೇ ಎಂದು ನೋಡುವುದು. ಊರಿನ ದಾಖಲೆಯಲ್ಲಿ ಇನಿಶಿಯಲ್, ಮುಂಬಯಿಯ ದಾಖಲೆಯಲ್ಲಿ ತಂದೆಯ ಹೆಸರು ನಡುವೆ, ಮನೆತನದ ಹೆಸರು ಕೊನೆಗೆ. ಒಬ್ಬನೇ ಮನುಷ್ಯ ಕಾಗದದಲ್ಲಿ ಇಬ್ಬರಾಗಿರುವುದು ನಮ್ಮವರಲ್ಲಿ ಸಾಮಾನ್ಯ. ಹತ್ತಿರದ ಗ್ರಾಮ ಒನ್ ಕೇಂದ್ರದಲ್ಲಿ ವಿಚಾರಿಸಿ ಆಯುಷ್ಮಾನ್ ಕಾರ್ಡು ಮಾಡಿಸಿ, ಒಂದು ಪ್ರತಿಯನ್ನು ಪಕ್ಕದ ಮನೆಯವರಲ್ಲೂ ಕೊಟ್ಟು ಬರಬೇಕು. ರಾತ್ರಿ ಹೊತ್ತು ರಿಕ್ಷಾ ಕರೆಸಿ ಆಸ್ಪತ್ರೆಗೆ ಕರೆದೊಯ್ಯುವವರು ಅವರೇ.